ನಮ್ಮ ಕಡೆ ಯಾರಿಗೂ ಇಲ್ಲ

ಮಗುವಿಗೆ ಹುಟ್ಟಿನಿಂದಲೇ ಏನೋ ತೊಂದರೆ ಇದೆ ಅಂತ ಡಾಕ್ಟರು ಹೇಳಿದ ಕೂಡಲೇ ಎರಡೂ ಮನೆಯವರ ಬಾಯಿಂದ ಬರುವ ಮೊದಲ ಮಾತು "ನಮ್ಮ ಕಡೆ ಯಾರಿಗೂ ಇಲ್ಲ" ಅನ್ನುವುದು. ಕಿವಿ ಕೇಳಿಸಲ್ಲ ಅಂದರೂ ಅದೇ, ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ ಅಂದರೂ ಅದೇ. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಮುತ್ತಜ್ಜನ ತಮ್ಮನ ಮಕ್ಕಳವರೆಗೂ ನೆನಪು ಕೆದಕಿ, ಯಾರೂ ಸಿಗದೆ ಇದ್ದಾಗಲೇ ಹಾಗೆ ಹೇಳುತ್ತಾರೆ. ಆದರೆ ಆ ಮಾತು ಆಡಿದ ಮೇಲೆ ಉಳಿಯುವುದು ಒಂದೇ ಪ್ರಶ್ನೆ. ನಮ್ಮ ಕಡೆ ಇಲ್ಲ ಅಂದಮೇಲೆ ಯಾರ ಕಡೆಯಿಂದ ಬಂತು? ಅಲ್ಲಿಂದ ಮುಂದೆ ಯಾರದಾದರೂ ತಲೆಗೆ ಕಟ್ಟುವುದು ಶುರು. ಬಹುತೇಕ ಸಲ ಅದು ಹೆತ್ತವಳ ತಲೆ.

ನಾನು ಪಿಯು ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡುತ್ತೇನೆ. ಪ್ರತಿ ವರ್ಷ, ಗುಣಗಳು ತಲೆಮಾರಿನಿಂದ ತಲೆಮಾರಿಗೆ ಹೇಗೆ ಹೋಗುತ್ತವೆ ಅಂತ ಬಟಾಣಿಯಲ್ಲಿ ಲೆಕ್ಕ ಹಾಕಿದ ಮೆಂಡೆಲ್ ಬರುತ್ತಾನೆ, ಬಟಾಣಿ ಬರುತ್ತದೆ, ಬೋರ್ಡಿನ ಮೇಲೆ ನಾಲ್ಕು ಮನೆಯ ಚೌಕ ಬರುತ್ತದೆ. ಮಕ್ಕಳು 3:1 ಅಂತ ಬರೆದು ಅಡಿಗೆರೆ ಎಳೆಯುತ್ತಾರೆ, ಅಂಕ ತೆಗೆದುಕೊಳ್ಳುತ್ತಾರೆ. ಅದೇ ಮಕ್ಕಳು ಮುಂದಿನ ಭಾನುವಾರ ಮಾವನ ಮದುವೆಗೆ ಅಂತ ಊರಿಗೆ ಹೋಗಿಬರುತ್ತಾರೆ. ಹುಡುಗಿ ಯಾರು ಅಂದರೆ "ನಮ್ಮ ದೊಡ್ಡಮ್ಮನ ಮಗಳೇ ಮೇಡಂ" ಅನ್ನುತ್ತಾರೆ. ಬೋರ್ಡಿನ ಚೌಕಕ್ಕೂ ಆ ಚಪ್ಪರಕ್ಕೂ ಸಂಬಂಧ ಇದೆ ಅಂತ ಪಠ್ಯಪುಸ್ತಕದಲ್ಲಿ ಎಲ್ಲೂ ಗಟ್ಟಿಯಾಗಿ ಹೇಳಿಲ್ಲ. ಈ ಬರಹ ಅದರ ಬಗ್ಗೆ. ನಮ್ಮ ಮನೆಯ ಕಥೆಯೂ ಇದರಲ್ಲಿ ಇದೆ, ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಕ್ಕನ ಮದುವೆ

ನಮ್ಮ ದೊಡ್ಡಮ್ಮನ ಮಗಳನ್ನು ಸೋದರಮಾವನಿಗೇ ಕೊಟ್ಟರು. ಅಂದರೆ ನನ್ನ ಅಮ್ಮನಿಗೂ ದೊಡ್ಡಮ್ಮನಿಗೂ ಒಬ್ಬನೇ ತಮ್ಮ, ಅವನಿಗೆ. ಹಾಸನದ ಕಡೆಯ ನಮ್ಮ ಊರಿನಲ್ಲಿ ಅದು ಯಾರೂ ಹುಬ್ಬೇರಿಸುವ ಸಂಗತಿ ಆಗಿರಲಿಲ್ಲ. ಅಜ್ಜಿಗೆ ಮೊಮ್ಮಗಳೇ ಸೊಸೆಯಾಗಿ ಮನೆಗೆ ಬಂದಳು ಅಂತ ಹಿಡಿಸಲಾರದಷ್ಟು ಸಂತೋಷ. ಹುಡುಗಿ ಕಣ್ಣ ಮುಂದೆ ಇರುತ್ತಾಳೆ, ಜಮೀನು ಹೊರಗೆ ಹೋಗಲ್ಲ, ವರದಕ್ಷಿಣೆ ಮಾತೇ ಬರಲ್ಲ, ಅತ್ತೆಯ ಕಾಟ ಅನ್ನುವುದಂತೂ ಇಲ್ಲವೇ ಇಲ್ಲ. ಈ ಕಾರಣಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗೊತ್ತಿಲ್ಲದ ಮನೆಗೆ ಹೋಗಿ ನರಳಿದ ಹೆಣ್ಣುಮಕ್ಕಳನ್ನು ನೋಡಿದ ಯಾರಿಗೂ ಅಜ್ಜಿಯ ಸಂತೋಷ ಅರ್ಥ ಆಗುತ್ತದೆ. ಅಕ್ಕನನ್ನು ಇನ್ನು ಮುಂದೆ ಅಕ್ಕ ಅನ್ನಬೇಕಾ ಅತ್ತೆ ಅನ್ನಬೇಕಾ ಅಂತ ನಾವು ಚಿಕ್ಕವರೆಲ್ಲ ಕಿತ್ತಾಡಿದ್ದು ನೆನಪಿದೆ. ಕೊನೆಗೆ ಅಕ್ಕ ಅಂತಲೇ ಉಳಿಯಿತು.

ಮೊದಲು ಮಗಳು. ಎರಡನೆಯದು ಮಗ. ಪಟಾಕಿ ಹೊಡೆದರೂ ಬೆಚ್ಚದೆ ಮಲಗಿರುತ್ತಿದ್ದ. "ಎಷ್ಟು ಶಾಂತ ಮಗು" ಅಂತ ಎಲ್ಲರೂ ಹೊಗಳುತ್ತಿದ್ದರು. ಒಂದು ದಿನ ಅಕ್ಕ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಗಳ ಸಾಲನ್ನೇ ಕೈಜಾರಿ ಬೀಳಿಸಿದಳು. ಹಜಾರದಲ್ಲಿದ್ದ ನಾವೆಲ್ಲ ಎದ್ದು ನಿಂತೆವು, ಮಗು ಮಾತ್ರ ತನ್ನ ಪಾಡಿಗೆ ಚಾಪೆಯ ಅಂಚು ಕೀಳುತ್ತಾ ಕೂತಿತ್ತು. ಅಕ್ಕ ಒಳಗಿನಿಂದ ಬಂದು ಅವನ ಬೆನ್ನ ಹಿಂದೆ ನಿಂತು ಎರಡು ಲೋಟ ಜೋರಾಗಿ ಬಡಿದಳು. ಮತ್ತೆ ಬಡಿದಳು. ಅವನು ತಿರುಗಲಿಲ್ಲ. ಅವಳ ಕೈ ನಡುಗುತ್ತಿತ್ತು.

ಮೈಸೂರಿನ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಕರೆದುಕೊಂಡು ಹೋದರು. ಮಗುವನ್ನು ನಿದ್ದೆ ಮಾಡಿಸಿ, ಹಣೆಗೂ ಕಿವಿಯ ಹಿಂದೆಯೂ ವೈರು ಅಂಟಿಸಿ ಬೆರಾ ಟೆಸ್ಟ್ ಮಾಡಿದರು. ಎರಡೂ ಕಿವಿಗೆ ತೀವ್ರ ಶ್ರವಣದೋಷ, ಹುಟ್ಟಿನಿಂದಲೇ. ಊರಿಗೆ ಬಂದ ದಿನವೇ ಅಜ್ಜಿ ನನ್ನ ಅಮ್ಮನ ಹತ್ತಿರ ಪಿಸುಗುಟ್ಟಿದ್ದು ನನಗೆ ಕೇಳಿಸಿತು. "ನಮ್ಮ ವಂಶದಲ್ಲಿ ಕಿವುಡರು ಯಾರೂ ಇಲ್ಲ ಕಣೆ. ಅವಳ ಅಪ್ಪನ ಕಡೆಯಿಂದ್ಲೇ ಬಂದಿರಬೇಕು."

ಅವಳ ಅಪ್ಪ ಅಂದರೆ ನಮ್ಮ ದೊಡ್ಡಪ್ಪ. ಆ ಮನೆಗೆ ಹೊರಗಿನಿಂದ ಬಂದ ಅಳಿಯ. ಈ ಕಡೆಯೂ ಅಜ್ಜಿಯ ಮಗ, ಆ ಕಡೆಯೂ ಅಜ್ಜಿಯ ಮಗಳ ಮಗಳು, ಹಾಗಾಗಿ ಬೊಟ್ಟು ಮಾಡಿ ತೋರಿಸುವುದಕ್ಕೆ ಹೊರಗಿನವರು ಅಂತ ಉಳಿದವರು ಅವರೊಬ್ಬರೇ. ಅಕ್ಕನಿಗೂ ಬಿಡಲಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ದಿನ ಅಂಗಳಕ್ಕೆ ಬಂದಿದ್ದಳಂತೆ, ಜ್ವರಕ್ಕೆ ಮಾತ್ರೆ ನುಂಗಿದ್ದಳಂತೆ. ಮಾವನಿಗೆ ಯಾರೂ ಏನೂ ಅನ್ನಲಿಲ್ಲ. ದೊಡ್ಡಪ್ಪ ಎದುರು ಮಾತಾಡುವವರಲ್ಲ. ತಮ್ಮ ಊರಿಗೆ ಹೋದಾಗಲೆಲ್ಲ ಹಳೆಯ ತಲೆಗಳನ್ನು ಹುಡುಕಿ, ನಮ್ಮಲ್ಲಿ ಹಿಂದೆ ಯಾರಿಗಾದರೂ ಕಿವಿ ಕೇಳುತ್ತಿರಲಿಲ್ಲವಾ ಅಂತ ವಿಚಾರಿಸುತ್ತಿದ್ದರು ಅಂತ ದೊಡ್ಡಮ್ಮ ಆಮೇಲೆ ಹೇಳಿದರು. ತಮ್ಮಿಂದಲೇ ಬಂತೇನೋ ಅನ್ನುವ ಅನುಮಾನ ಇಟ್ಟುಕೊಂಡೇ ಅವರು ತೀರಿಕೊಂಡರು.

ಸುಕ್ಕು ಎಲ್ಲಿ ಹೋಗಿತ್ತು?

ಇನ್ನು ಬಟಾಣಿಗೆ ಬರೋಣ. ಮೆಂಡೆಲ್ ಕಥೆ ಎಲ್ಲರಿಗೂ ಗೊತ್ತು, ಪೂರ್ತಿ ಹೇಳುವುದಿಲ್ಲ. ಯುರೋಪಿನ ಬ್ರನೋ ಊರಿನ ಮಠದ ತೋಟ, 1856ರಿಂದ 1863ರವರೆಗೆ ಸಾವಿರಾರು ಗಿಡ, 1866ರಲ್ಲಿ ಅಚ್ಚಾದ ಲೇಖನ, 1900ರವರೆಗೆ ಯಾರೂ ಕಣ್ಣೆತ್ತಿ ನೋಡದೆ ಇದ್ದದ್ದು. ನನಗೆ ಬೇಕಾಗಿರುವುದು ಅವನ ಒಂದೇ ಒಂದು ಪ್ರಯೋಗ. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಪರಾಗಸ್ಪರ್ಶ ಮಾಡಿಸಿದ. ಬಂದ ಕಾಳೆಲ್ಲ ದುಂಡು. ಒಂದೇ ಒಂದು ಸುಕ್ಕು ಇಲ್ಲ, ಅರ್ಧಂಬರ್ಧ ಸುಕ್ಕಿದ್ದೂ ಇಲ್ಲ. ಆ ತಲೆಮಾರಿನ ಕಾಳುಗಳನ್ನು ಕೇಳಿದರೆ ಅವೂ "ನಮ್ಮಲ್ಲಿ ಯಾರಿಗೂ ಸುಕ್ಕಿಲ್ಲ" ಅನ್ನಬಹುದಾಗಿತ್ತು, ನಿಜವೂ ಆಗಿರುತ್ತಿತ್ತು. ಆ ದುಂಡು ಕಾಳುಗಳನ್ನು ಬಿತ್ತಿ, ಗಿಡಗಳು ತಮ್ಮಲ್ಲೇ ಕಾಯಿ ಕಟ್ಟುವುದಕ್ಕೆ ಬಿಟ್ಟ. ಈ ಸಲ 7,324 ಕಾಳು ಬಂದವು. 5,474 ದುಂಡು, 1,850 ಸುಕ್ಕು, ಹತ್ತಿರ ಹತ್ತಿರ 3:1. ಹೋಗಿದೆ ಅಂದುಕೊಂಡ ಸುಕ್ಕು ಚೂರೂ ಮಾಸದೆ, ಅಜ್ಜನಲ್ಲಿ ಹೇಗಿತ್ತೋ ಹಾಗೇ ಎದ್ದು ಬಂತು.

ಆ ಸುಕ್ಕು ಯಾಕೆ ಬರುತ್ತದೆ ಅನ್ನುವುದು 1990ರಲ್ಲಿ ಗೊತ್ತಾಯಿತು. ಕಾಳಿನಲ್ಲಿ ಸಕ್ಕರೆಯನ್ನು ಪಿಷ್ಟ ಮಾಡುವ ಕೆಲಸದಲ್ಲಿ ಒಂದು ಎಂಜೈಮ್ ಇದೆ. ಆ ಎಂಜೈಮ್ ಮಾಡುವ ಸೂಚನೆ ಇರುವ ಡಿಎನ್‌ಎ ಭಾಗದ, ಅಂದರೆ ಜೀನಿನ ಮಧ್ಯೆ ಬೇರೆ ಡಿಎನ್‌ಎ ತುಂಡೊಂದು ಬಂದು ಕೂತಿದೆ, ಎಂಜೈಮ್ ತಯಾರಾಗುವುದಿಲ್ಲ. ಪಿಷ್ಟ ಕಡಿಮೆ, ಸಕ್ಕರೆ ಜಾಸ್ತಿ. ಸಕ್ಕರೆ ಜಾಸ್ತಿ ಇದ್ದರೆ ನೀರು ಜಾಸ್ತಿ ಎಳೆದುಕೊಂಡು ಹಸಿಯಲ್ಲಿ ಉಬ್ಬುತ್ತದೆ, ಒಣಗಿದಾಗ ಸಿಪ್ಪೆ ಸುಕ್ಕಾಗುತ್ತದೆ. ಸುಕ್ಕು ಕಾಳು ಸಿಹಿ ಆಗಿರುವುದೂ ಇದಕ್ಕೇ. ಕಾಳು ದುಂಡಾಗಬೇಕಾದರೆ ಆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಸರಿಯಾಗಿದ್ದರೆ ಸಾಕು, ಆ ಒಂದೇ ಬೇಕಾದಷ್ಟು ಎಂಜೈಮ್ ಮಾಡಿಕೊಡುತ್ತದೆ. ಎರಡೂ ಕೆಟ್ಟಾಗ ಮಾತ್ರ ಸುಕ್ಕು.

ನಮ್ಮ ಜೀನುಗಳ ಕಥೆಯೂ ಇದೇ. ಅಮ್ಮನಿಂದ ಒಂದು ಪ್ರತಿ, ಅಪ್ಪನಿಂದ ಒಂದು ಪ್ರತಿ. ಮನೆ ಬಾಗಿಲಿಗೆ ಎರಡು ಕೀ ಇದ್ದ ಹಾಗೆ. ಒಂದು ಕಳೆದುಹೋಗಿದ್ದರೂ ಇನ್ನೊಂದರಲ್ಲಿ ಬಾಗಿಲು ತೆಗೆಯುತ್ತಾ ಓಡಾಡಿಕೊಂಡು ಇರುತ್ತೀರಿ, ಕಳೆದದ್ದು ಗೊತ್ತೇ ಆಗುವುದಿಲ್ಲ. ಹೀಗೆ ಒಂದು ಕೆಟ್ಟ ಪ್ರತಿ ಹೊತ್ತುಕೊಂಡು ಆರೋಗ್ಯವಾಗಿ ಇರುವವರನ್ನು ಕ್ಯಾರಿಯರ್ ಅನ್ನುತ್ತಾರೆ. ನೀವು, ನಾನು, ನಿಮ್ಮ ಎದುರು ಮನೆಯವರು, ನಾವೆಲ್ಲರೂ ಯಾವುದೋ ಒಂದೆರಡು ಜೀನಿಗಾದರೂ ಕ್ಯಾರಿಯರ್ ಆಗಿರುತ್ತೇವೆ. ಒಬ್ಬ ಕ್ಯಾರಿಯರ್‌ನ ಮಕ್ಕಳಲ್ಲಿ ಸುಮಾರು ಅರ್ಧ ಜನ ಮತ್ತೆ ಕ್ಯಾರಿಯರ್, ಹೀಗೆ ಎಷ್ಟೋ ತಲೆಮಾರು ಸದ್ದಿಲ್ಲದೆ ದಾಟಿ ಬರಬಹುದು. ಮತ್ತೊಬ್ಬ ಅದೇ ಥರದ ಕ್ಯಾರಿಯರ್ ಜೊತೆ ಮದುವೆಯಾಗಿ, ಇಬ್ಬರಿಂದಲೂ ಕೆಟ್ಟ ಪ್ರತಿಯೇ ಮಗುವಿಗೆ ಹೋದಾಗ ಮಾತ್ರ ಹೊರಗೆ ಕಾಣುತ್ತದೆ. ಪ್ರತಿ ಬಸಿರಿನಲ್ಲೂ ಅದರ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಆಯಿತು, ಇನ್ನು ಮೂರಕ್ಕೆ ಆಗಲ್ಲ ಅಂತ ಸಮಾಧಾನ ಹೇಳುವವರನ್ನು ನೋಡಿದ್ದೇನೆ. ಹಾಗೆ ಆಗುವುದಿಲ್ಲ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರು.

ಇದನ್ನು ನಂಬುವುದು ಯಾಕೆ ಕಷ್ಟ ಅಂದರೆ ನಾವು ದಿನಾ ನೋಡುವುದು ಬೇರೆ ಥರ ಕಾಣುತ್ತದೆ. ನಾಮಕರಣದ ದಿನ ತೊಟ್ಟಿಲ ಸುತ್ತ ನಿಂತು "ಮೂಗು ಅಪ್ಪಂದು, ಬಣ್ಣ ಅಮ್ಮಂದು, ಹಣೆ ಅವರ ತಾತಂದು" ಅಂತ ಪಾಲು ಹಂಚುತ್ತೇವೆ. ಎತ್ತರ, ಮೈಬಣ್ಣ ಇವೆಲ್ಲ ಒಂದೇ ಜೀನಿನ ಕೆಲಸ ಅಲ್ಲ. ಬಹಳಷ್ಟು ಜೀನುಗಳು ಒಂದೊಂದು ಚೂರು ಸೇರಿಸಿ ಆಗುವಂಥವು, ಎತ್ತರಕ್ಕಂತೂ ಊಟ ಆರೋಗ್ಯ ಎಲ್ಲವೂ ಸೇರುತ್ತದೆ. ಹಾಗಾಗಿ ಮಕ್ಕಳು ಅಪ್ಪ ಅಮ್ಮನ ನಡುವೆ ಎಲ್ಲೋ ಬಂದು ನಿಲ್ಲುತ್ತಾರೆ, ರಕ್ತ ಬೆರೆತ ಹಾಗೆ ಕಾಣುತ್ತದೆ. ಬೆರೆಯುವುದೇ ನಿಜವಾಗಿದ್ದರೆ ಅಜ್ಜನ ಸುಕ್ಕು ಮೊಮ್ಮಗನ ಹೊತ್ತಿಗೆ ತೆಳುವಾಗಿ ಮಾಯ ಆಗಬೇಕಿತ್ತು. ಆಗುವುದಿಲ್ಲ. ಜೀನ್ ಬೆರೆಯುವುದಿಲ್ಲ, ಇಡಿಯಾಗಿ ಹೋಗುತ್ತದೆ ಅಥವಾ ಹೋಗುವುದೇ ಇಲ್ಲ.

ಗೋತ್ರ ಎಣಿಸುವುದು ಏನನ್ನು

ಸಂಬಂಧ ನೋಡುವಾಗ ನಾವು ಏನೂ ವಿಚಾರಿಸುವುದಿಲ್ಲ ಅಂತ ಅಲ್ಲ. ಗೋತ್ರ ಕೇಳುತ್ತೇವೆ, ಕೆಲವರಲ್ಲಿ ಗೋತ್ರದ ಥರದ್ದೇ ಆದ ಬೆಡಗು ಕೇಳುತ್ತಾರೆ. ಒಂದೇ ಗೋತ್ರ ಆದರೆ ಹುಡುಗ ಕಾಶ್ಮೀರದವನೇ ಆಗಿರಲಿ, ಅಣ್ಣ-ತಂಗಿ ಆಗುತ್ತಾರೆ ಅಂತ ಕೈಬಿಡುತ್ತೇವೆ. ಹತ್ತಿರದ ರಕ್ತದಲ್ಲಿ ಮದುವೆ ಬೇಡ ಅನ್ನುವ ಎಚ್ಚರ ಇದರಲ್ಲಿ ಇರುವ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಗೋತ್ರ ಹೋಗುವುದು ಅಪ್ಪನಿಂದ ಮಗನಿಗೆ. ಜೀನುಗಳನ್ನು ಹೊತ್ತಿರುವ ನಮ್ಮ 46 ಕ್ರೋಮೋಸೋಮುಗಳಲ್ಲಿ ಹಾಗೆ ಗಂಡಸರ ದಾರಿಯಲ್ಲೇ ಹೋಗುವುದು ವೈ ಒಂದೇ. ಹುಡುಗಿಯರಲ್ಲಿ ಅದೂ ಇಲ್ಲ. ಉಳಿದವು ಗೋತ್ರ ನೋಡಿಕೊಂಡು ಹೋಗುವುದಿಲ್ಲ. ಅಮ್ಮನ ಕಡೆಯಿಂದ ಅರ್ಧ, ಅಪ್ಪನ ಕಡೆಯಿಂದ ಅರ್ಧ ಬರುತ್ತವೆ. ಅಕ್ಕನ ಮಗಳ ಗೋತ್ರ ಬೇರೆ, ಯಾಕೆಂದರೆ ಅವಳ ಅಪ್ಪನ ಗೋತ್ರ ಬೇರೆ. ಹಾಗಾಗಿ ಸೋದರಮಾವನಿಗೆ ಕೊಡಬಹುದು. ಜೀನಿನ ಲೆಕ್ಕದಲ್ಲಿ ಮಾತ್ರ ಅವರಿಬ್ಬರ ನಡುವೆ ಕಾಲು ಭಾಗ ಒಂದೇ.

ಇನ್ನೂ ವಿಚಿತ್ರ ಇದೆ. ಚಿಕ್ಕಪ್ಪನ ಮಗಳು ಅಂದರೆ ನಮಗೆ ತಂಗಿ. ಆ ಮದುವೆಯ ಮಾತು ಎತ್ತಿದರೇ ಎದ್ದು ಹೊಡೆಯುತ್ತಾರೆ. ಅತ್ತೆ ಮಗಳು, ಮಾವನ ಮಗಳು ಅಂದರೆ ವರಸೆ, ಹುಟ್ಟಿದಾಗಿನಿಂದ "ನಿನ್ನ ಹೆಂಡತಿ" ಅಂತ ಛೇಡಿಸುತ್ತಾರೆ. ಇಬ್ಬರ ಜೊತೆಗೂ ಹಂಚಿಕೊಂಡಿರುವುದು ಎಂಟರಲ್ಲಿ ಒಂದು ಭಾಗ, ಎಳ್ಳಷ್ಟೂ ವ್ಯತ್ಯಾಸ ಇಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆ ಅಳಿಯಸಂತಾನದವರಲ್ಲಿ ಗೋತ್ರದ ಹಾಗಿರುವ 'ಬಳಿ' ಬರುವುದು ತಾಯಿಯಿಂದ. ಅಲ್ಲಿ ಸೋದರಮಾವನೂ ಅಕ್ಕನ ಮಗಳೂ ಒಂದೇ ಬಳಿ, ಘಟ್ಟದ ಮೇಲೆ ಆಗುವ ಮದುವೆ ಅಲ್ಲಿಯ ಲೆಕ್ಕಕ್ಕೆ ಬರುವುದೇ ಇಲ್ಲ. ಒಂದು ಕಡೆಯದನ್ನು ಮಾತ್ರ ಎಣಿಸಿದರೆ ಇನ್ನೊಂದು ಕಡೆ ಬಾಗಿಲು ತೆರೆದೇ ಇರುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಎರಡೂ ಕಡೆ ಎಣಿಸುತ್ತದೆ. ತಾಯಿ ಕಡೆ ಮೂರು ತಲೆಮಾರು, ತಂದೆ ಕಡೆ ಐದು ತಲೆಮಾರು ಬಿಡಬೇಕು ಅನ್ನುತ್ತದೆ. ಸೋದರಮಾವ-ಅಕ್ಕನ ಮಗಳ ಮದುವೆ, ಅತ್ತೆ ಮಕ್ಕಳು ಮಾವನ ಮಕ್ಕಳ ಮದುವೆ ನಿಷಿದ್ಧ ಅಂತಲೇ ಬರೆದಿದೆ. ಜೊತೆಗೆ, ರೂಢಿಯಲ್ಲಿ ಇದ್ದರೆ ಪರವಾಗಿಲ್ಲ ಅಂತಲೂ ಬರೆದಿದೆ. ನಮ್ಮಲ್ಲಿ ರೂಢಿ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಹೆಂಗಸರ ಮದುವೆ ಸಂಬಂಧದಲ್ಲೇ ಆಗಿದೆ. ತಮಿಳುನಾಡೂ ಹೆಚ್ಚುಕಡಿಮೆ ಹೀಗೇ.

ಅಪಾಯ ಎಷ್ಟು ಅಂತ ಒಂದು ಲೆಕ್ಕ ಮಾಡಿ ನೋಡೋಣ. ಊರಲ್ಲಿ 50 ಜನರಲ್ಲಿ ಒಬ್ಬರು ಯಾವುದೋ ಒಂದು ಜೀನಿಗೆ ಕ್ಯಾರಿಯರ್ ಅಂತ ಇಟ್ಟುಕೊಳ್ಳಿ. ಸಂಬಂಧವೇ ಇಲ್ಲದ ಇಬ್ಬರು ಮದುವೆಯಾದರೆ, ಇವನು ಕ್ಯಾರಿಯರ್ ಆಗುವ ಸಾಧ್ಯತೆ 50ರಲ್ಲಿ ಒಂದು, ಅವಳದೂ 50ರಲ್ಲಿ ಒಂದು, ಮಗುವಿಗೆ ಎರಡೂ ಕೆಟ್ಟ ಪ್ರತಿ ಹೋಗುವುದು ನಾಲ್ಕರಲ್ಲಿ ಒಂದು. ಗುಣಿಸಿದರೆ 10,000ದಲ್ಲಿ ಒಂದು. ಅತ್ತೆ ಮಗಳಾದರೆ ಹುಡುಗನ ಸಾಧ್ಯತೆ ಅಷ್ಟೇ, ಆದರೆ ಅವನು ಕ್ಯಾರಿಯರ್ ಆಗಿದ್ದರೆ ಅವಳೂ ಅದನ್ನೇ ಹೊತ್ತಿರುವ ಸಾಧ್ಯತೆ ಎಂಟರಲ್ಲಿ ಒಂದಕ್ಕೆ ಏರುತ್ತದೆ. ಉತ್ತರ 1,600ರಲ್ಲಿ ಒಂದು. ಅಕ್ಕನ ಮಗಳಾದರೆ 800ರಲ್ಲಿ ಒಂದು. ಇದು ಒಂದು ಜೀನಿನ ಲೆಕ್ಕ, ಇಂಥ ಜೀನುಗಳು ಎಷ್ಟೋ ಇವೆ. ಕಾಯಿಲೆ ಎಷ್ಟು ಅಪರೂಪವೋ ಅಷ್ಟು ಈ ಅಂತರ ದೊಡ್ಡದಾಗುತ್ತದೆ. ಹಾಗಂತ ಸಂಬಂಧದಲ್ಲಿ ಮದುವೆಯಾದವರ ಮಕ್ಕಳೆಲ್ಲ ಕಾಯಿಲೆಯವರು ಅನ್ನುವುದೂ ತಪ್ಪು. ಯಾವುದೇ ಮಗುವಿಗೆ ಹುಟ್ಟಿನಿಂದ ದೊಡ್ಡ ತೊಂದರೆ ಇರುವ ಸಾಧ್ಯತೆ ಸುಮಾರು 2ರಿಂದ 3 ಶೇಕಡಾ. ಅತ್ತೆ ಮಗ-ಮಾವನ ಮಗಳ ಮಕ್ಕಳಲ್ಲಿ ಅದು ಹತ್ತಿರ ಹತ್ತಿರ ದುಪ್ಪಟ್ಟು. ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ. "ನಮ್ಮೂರಲ್ಲಿ ಎಷ್ಟು ಜನ ಮಾಡಿಕೊಂಡಿದ್ದಾರೆ, ಎಲ್ಲರೂ ಚೆನ್ನಾಗಿಲ್ಲವಾ" ಅಂತ ಕೇಳುವವರ ಅನುಭವ ಸುಳ್ಳಲ್ಲ.

ಮನುಷ್ಯರಿಗೂ ಮೆಂಡೆಲ್‌ನ ನಿಯಮ ಅನ್ವಯಿಸುತ್ತದೆ ಅಂತ ಮೊದಲು ಗೊತ್ತಾಗಿದ್ದು ಕೂಡ ಸಂಬಂಧದ ಮದುವೆಗಳಿಂದಲೇ. ಲಂಡನ್‌ನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಅಲ್ಕ್ಯಾಪ್ಟನೂರಿಯಾ ಅನ್ನುವ ಕಾಯಿಲೆಯ ಬಗ್ಗೆ ಬರೆದ. ಇದ್ದವರ ಮೂತ್ರ ಗಾಳಿಗೆ ಕಪ್ಪಾಗುತ್ತದೆ, ಕೂಸಿನ ಬಟ್ಟೆಯ ಮೇಲೆ ಕಪ್ಪು ಕಲೆ ಬೀಳುತ್ತದೆ. ಅಂಥ ಮಕ್ಕಳ ಅಪ್ಪ ಅಮ್ಮ ಎಷ್ಟೋ ಸಲ ದೊಡ್ಡಪ್ಪ-ಚಿಕ್ಕಪ್ಪನ, ಅತ್ತೆ-ಮಾವನ ಮಕ್ಕಳೇ ಆಗಿದ್ದರು, ಅವರಿಗೆ ಮಾತ್ರ ಏನೂ ಇರಲಿಲ್ಲ. ಇದು ಹೇಗೆ ಅಂತ ಅವನಿಗೆ ತೋರಿಸಿಕೊಟ್ಟಿದ್ದು ಆಗಷ್ಟೇ ಬೆಳಕಿಗೆ ಬಂದಿದ್ದ ಬಟಾಣಿ ಲೆಕ್ಕ.

ಸೋದರಮಾವನ ಮದುವೆ ನಮ್ಮಲ್ಲಿ ಇಲ್ಲ, ನಾವು ದೂರದಿಂದಲೇ ತರುವುದು ಅನ್ನುವವರಿಗೂ ಒಂದು ಮಾತು. ದೂರ ಅಂದರೂ ಜಾತಿಯೊಳಗೇ ತಾನೇ? ಹಿಂದೆ ಯಾವಾಗಲೋ ಕೆಲವೇ ಕುಟುಂಬಗಳಿಂದ ಶುರುವಾಗಿ, ನೂರಾರು ವರ್ಷ ತಮ್ಮೊಳಗೇ ಕೊಟ್ಟು ತಂದ ಗುಂಪುಗಳಲ್ಲಿ ಆ ಮೊದಲ ಕುಟುಂಬಗಳಲ್ಲಿದ್ದ ಕೆಟ್ಟ ಪ್ರತಿ ಇವತ್ತು ಎಲ್ಲರ ಮನೆಗೂ ಹರಡಿರುತ್ತದೆ. ಆರ್ಯ ವೈಶ್ಯ ಸಮುದಾಯದಲ್ಲಿ ಸಕ್ಸಿನೈಲ್‌ಕೋಲಿನ್ ಅನ್ನುವ, ಅರಿವಳಿಕೆ ಕೊಡುವಾಗ ಸ್ನಾಯುಗಳನ್ನು ಸಡಿಲಿಸಲು ಬಳಸುವ ಔಷಧಿಯನ್ನು ಕರಗಿಸುವ ಎಂಜೈಮ್ ಇಲ್ಲದವರು ಬೇರೆಯವರಿಗಿಂತ ಬಹಳ ಜಾಸ್ತಿ. ನಿಮಿಷಗಳಲ್ಲಿ ಇಳಿಯಬೇಕಾದ ಔಷಧಿ ಅವರಲ್ಲಿ ಗಂಟೆಗಟ್ಟಲೆ ಇಳಿಯುವುದಿಲ್ಲ, ಅಷ್ಟು ಹೊತ್ತೂ ಉಸಿರಾಟಕ್ಕೆ ಯಂತ್ರ ಬೇಕು. ಮೊದಲೇ ಗೊತ್ತಿದ್ದರೆ ಬೇರೆ ಔಷಧಿ ಕೊಡುತ್ತಾರೆ, ಮುಗಿಯಿತು. ಒಂದು ಸಮುದಾಯದ ಹೆಸರು ಹೇಳಿದೆ ಅಂತ ಯಾರೂ ಬೇಜಾರು ಮಾಡಿಕೊಳ್ಳಬಾರದು. ಅಲ್ಲಿ ಹುಡುಕಿದರು, ಸಿಕ್ಕಿತು. ಮಿಕ್ಕವರಲ್ಲೂ ಒಂದೊಂದು ಇರುತ್ತದೆ.

ಚೌಕ, ವೃತ್ತ, ಜೋಡಿ ಗೆರೆ

ಅಕ್ಕನ ಮಗ ಈಗ ದೊಡ್ಡವನಾಗಿದ್ದಾನೆ. ಓದಿದ್ದಾನೆ, ಮೈಸೂರಿನಲ್ಲಿ ಕೆಲಸ ಮಾಡುತ್ತಾನೆ, ಸನ್ನೆ ಭಾಷೆಯಲ್ಲಿ ಅವನೂ ಅವನ ಸ್ನೇಹಿತರೂ ಹರಟೆಗೆ ಕೂತರೆ ನಮ್ಮ ಮನೆಯ ಹಜಾರದಲ್ಲಿ ಅಷ್ಟು ಗಲಾಟೆ ಮಾಡುವವರು ಬೇರೆ ಯಾರೂ ಇಲ್ಲ. ಕೆಲವು ವರ್ಷಗಳ ಹಿಂದೆ, ಅವನ ಅಕ್ಕನ ಮದುವೆ ಮಾತು ಶುರುವಾದಾಗ, ಜೆನೆಟಿಕ್ ಟೆಸ್ಟ್ ಮಾಡಿಸೋಣ ಅಂತ ನಾನೇ ಹಟ ಹಿಡಿದೆ. ಬೆಂಗಳೂರಿನ ಒಂದು ಆಸ್ಪತ್ರೆಯ ಕೌನ್ಸೆಲಿಂಗ್ ಕೋಣೆ. ಅಲ್ಲಿಯ ಕೌನ್ಸೆಲರ್ ಹುಡುಗಿ ಒಂದು ಬಿಳಿ ಹಾಳೆ ತೆಗೆದು ವಂಶವೃಕ್ಷ ಬರೆಯುವುದಕ್ಕೆ ಶುರು ಮಾಡಿದಳು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ತೀರಿಕೊಂಡವರಿಗೆ ಅಡ್ಡಗೀಟು. ಹುಡುಗನ ಚೌಕವನ್ನು ಪೂರ್ತಿ ತುಂಬಿದಳು. ಮಾವನಿಗೂ ಅಕ್ಕನಿಗೂ ನಡುವೆ ಜೋಡಿ ಗೆರೆ ಎಳೆದಳು, ಸಂಬಂಧದಲ್ಲಿ ಮದುವೆ ಅಂತ ತೋರಿಸುವುದು ಹಾಗೆ. ಆಮೇಲೆ ಮೇಲಕ್ಕೆ ಹೋದಳು. ಬೇರೆಯವರ ಹಾಳೆಯಲ್ಲಿ ಎಡಕ್ಕೊಂದು ಮನೆ, ಬಲಕ್ಕೊಂದು ಮನೆ ಇರುತ್ತದೆ. ನಮ್ಮ ಹಾಳೆಯಲ್ಲಿ ಮಾವನಿಂದ ಹೋದ ಗೆರೆ, ಅಕ್ಕನಿಂದ ದೊಡ್ಡಮ್ಮನ ಮೂಲಕ ಹೋದ ಗೆರೆ, ಎರಡೂ ಹೋಗಿ ಸೇರಿದ್ದು ಅಜ್ಜ-ಅಜ್ಜಿ ಅನ್ನುವ ಒಂದೇ ಜೋಡಿಗೆ. ದೊಡ್ಡಪ್ಪನ ಚೌಕ, ಅಡ್ಡಗೀಟಿನ ಜೊತೆ, ಪಕ್ಕದಲ್ಲಿ ಒಂಟಿಯಾಗಿ ಉಳಿಯಿತು.

ರಿಪೋರ್ಟ್ ಬಂತು. ಜಿಜೆಬಿ2 ಅನ್ನುವ ಜೀನ್. ಒಳಕಿವಿಯ ಶಂಖದಲ್ಲಿ ಜೀವಕೋಶಗಳ ನಡುವೆ ಸಣ್ಣ ದಾರಿಗಳಿವೆ, ಆ ದಾರಿ ಕಟ್ಟುವ ಪ್ರೋಟೀನ್ ಈ ಜೀನಿನಿಂದ ಆಗುವುದು. ಅದರ ಮೂಲಕ ಪೊಟ್ಯಾಸಿಯಂ ಸುತ್ತಾಡುತ್ತಾ ಇದ್ದರೆ ಮಾತ್ರ ಕಿವಿ ಶಬ್ದವನ್ನು ಮಿದುಳಿಗೆ ಮುಟ್ಟಿಸಬಹುದು. 226 ಅಮೈನೋ ಆಮ್ಲಗಳನ್ನು ಸಾಲಾಗಿ ಪೋಣಿಸಿದ ಪ್ರೋಟೀನ್ ಅದು. 24ನೆಯ ಜಾಗಕ್ಕೆ ಡಿಎನ್‌ಎಯ ಅಕ್ಷರಗಳು ಟಿಜಿಜಿ ಅಂತ ಇರಬೇಕಾದ ಕಡೆ ಟಿಎಜಿ ಅಂತಿದೆ, ಒಂದೇ ಅಕ್ಷರ ಬದಲು. ಟಿಎಜಿ ಅಂದರೆ "ಇಲ್ಲಿಗೆ ನಿಲ್ಲಿಸು" ಅಂತ. ಪ್ರೋಟೀನ್ 23ಕ್ಕೇ ನಿಂತುಹೋಗುತ್ತದೆ. ಹುಡುಗನಲ್ಲಿ ಎರಡೂ ಪ್ರತಿ ಹಾಗೆ. ಮಾವ ಕ್ಯಾರಿಯರ್, ಅಕ್ಕ ಕ್ಯಾರಿಯರ್, ದೊಡ್ಡಮ್ಮ ಕ್ಯಾರಿಯರ್. ಭಾರತದಲ್ಲಿ ಹುಟ್ಟುಕಿವುಡಿಗೆ ಈ ಜೀನಿನಲ್ಲಿ ಅತಿ ಹೆಚ್ಚು ಕಾಣುವ ಬದಲಾವಣೆ ಇದೇ. ಎಷ್ಟು ಹಳೆಯದು ಅಂದರೆ, ಸಾವಿರ ವರ್ಷದಷ್ಟು ಹಿಂದೆ ಭಾರತದಿಂದ ಹೊರಟುಹೋದ ರೋಮಾ ಜನರ ಜೊತೆ ಅದೂ ಹೋಗಿದೆ. ಸ್ಲೊವಾಕಿಯಾದಲ್ಲಿ, ಸ್ಪೇನಿನಲ್ಲಿ ಅವರ ಮಕ್ಕಳಲ್ಲಿ ಇದೇ 24ನೆಯ ಜಾಗದ ಇದೇ ಅಕ್ಷರ. ಗ್ರಹಣಕ್ಕೂ ಜ್ವರದ ಮಾತ್ರೆಗೂ ಇದರಲ್ಲಿ ಏನೂ ಕೆಲಸ ಇಲ್ಲ.

ಅಕ್ಕ ರಿಪೋರ್ಟ್ ಹಿಡಿದುಕೊಂಡು ಕೇಳಿದ ಮೊದಲ ಪ್ರಶ್ನೆ, "ಹಾಗಾದರೆ ಅಪ್ಪನಿಂದ ಅಲ್ಲವಾ?" ದೊಡ್ಡಮ್ಮನಲ್ಲೇ ಅದು ಸಿಕ್ಕಿದ ಮೇಲೆ ನಿಮ್ಮ ತಂದೆಯಿಂದ ಬಂದಿರುವ ಸಾಧ್ಯತೆ ತೀರಾ ಕಡಿಮೆ ಅಂತ ಆ ಹುಡುಗಿ ನಿಧಾನವಾಗಿ ಬಿಡಿಸಿ ಹೇಳಿದಳು. ಅಕ್ಕ ಅಲ್ಲೇ ಅತ್ತುಬಿಟ್ಟಳು. ಮಗ ತನ್ನ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದ. "ನನ್ನ ಮಕ್ಕಳಿಗೆ?" ಹೆಂಡತಿ ಈ ಜೀನಿಗೆ ಕ್ಯಾರಿಯರ್ ಆಗಿರದಿದ್ದರೆ ಎಲ್ಲ ಮಕ್ಕಳಿಗೂ ಈ ಜೀನಿನ ಮಟ್ಟಿಗೆ ಕಿವಿ ಕೇಳುತ್ತದೆ, ಎಲ್ಲರೂ ಕ್ಯಾರಿಯರ್ ಆಗಿರುತ್ತಾರೆ. ಅವಳೂ ಹುಟ್ಟಿನಿಂದ ಕಿವಿ ಕೇಳದವಳಾಗಿದ್ದು, ಅವಳದು ಬೇರೆ ಜೀನಿನ ಕಾರಣ ಆಗಿದ್ದರೂ ಮಕ್ಕಳಿಗೆ ಕಿವಿ ಕೇಳಬಹುದು. ಅವನು ತಲೆಯಾಡಿಸಿದ. ಕೇಳದಿದ್ದರೂ ಏನಂತೆ, ನಾನು ಮಾತು ಕಲಿಸುತ್ತೇನಲ್ಲ ಅಂತ ಅಮ್ಮನಿಗೆ ಸನ್ನೆ ಮಾಡಿದ.

ಅಜ್ಜಿಗೆ ಹೇಳುವುದು ಬೇಡ ಅಂದರು ಎಲ್ಲರೂ. ನಾನು ಹೇಳಿದೆ. ದೊಡ್ಡಪ್ಪನ ಮೇಲೆ ಹೊರಿಸಿದ ಮಾತು ಆ ಮನೆಯಲ್ಲಿ ಹಾಗೇ ನಿಲ್ಲುವುದನ್ನು ನನಗೆ ಸಹಿಸಲು ಆಗಲಿಲ್ಲ. ಹಾಳೆಯ ಮೇಲೆ ಚೌಕ ವೃತ್ತ ಬರೆದು, ಅವರ ಹೆಸರು ಹಾಕಿ, ಬೆರಳು ಇಟ್ಟು ತೋರಿಸಿದೆ. ಅಜ್ಜಿ ಬಹಳ ಹೊತ್ತು ಹಾಳೆ ನೋಡಿದರು. "ಅಂದ್ರೆ ನನ್ನಿಂದ ಬಂತಾ?" ಅಂದರು. ನಿಮ್ಮಿಂದಲೋ ಅಜ್ಜನಿಂದಲೋ, ನಿಮಗೂ ಯಾರಿಂದಲೋ ಬಂದಿರುತ್ತೆ, ಯಾರದೂ ತಪ್ಪಿಲ್ಲ ಅಜ್ಜಿ ಅಂದೆ. ಟೆಸ್ಟ್ ಮಾಡಿಸಿದರೆ ಇಬ್ಬರಲ್ಲಿ ಯಾರು ಅಂತ ಗೊತ್ತಾಗುತ್ತಿತ್ತು, ಆದರೆ ಅದರಿಂದ ಯಾರಿಗೂ ಉಪಯೋಗ ಇಲ್ಲ, ಮಾಡಿಸಲಿಲ್ಲ. ಸಂಜೆ ಅಜ್ಜಿ ದೊಡ್ಡಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಅಳಿಯಂದಿರ ಮೇಲೆ ಇಲ್ಲದ್ದು ಹೊರಿಸಿಬಿಟ್ಟೆ" ಅಂದರು. ದೊಡ್ಡಮ್ಮ ಏನೂ ಹೇಳಲಿಲ್ಲ. ಏನು ಹೇಳಲಿಕ್ಕೆ ಆಗುತ್ತೆ?

ಅಜ್ಜಿ ಅಂದರೆ ನನಗೂ ಅಜ್ಜಿಯೇ. ನನ್ನ ಅಮ್ಮ ಕ್ಯಾರಿಯರ್ ಆಗಿರುವ ಸಾಧ್ಯತೆ ಅರ್ಧ, ನನ್ನದು ಕಾಲು. ನಾನೂ ರಕ್ತ ಕೊಟ್ಟೆ. ಕ್ಯಾರಿಯರ್ ಅಂತ ಬಂತು.

ಈಗಿನ ಮಾತು

ಅಕ್ಕನ ಮಗಳಿಗೆ ಮೊದಲು ಬಂದ ಸಂಬಂಧ ನಮ್ಮ ಚಿಕ್ಕಮ್ಮನ ಮಗನದೇ. ಅಪ್ಪನ ಕಡೆಯಿಂದ ನೋಡಿದರೆ ಅತ್ತೆ ಮಗ, ಅಮ್ಮನ ಕಡೆಯಿಂದ ನೋಡಿದರೆ ಮಾವ, ಎರಡು ಕಡೆಯಿಂದಲೂ ವರಸೆ. ಕಿವಿ ಕೇಳದ ತಮ್ಮ ಇರುವ, ತನಗೆ ಕಿವಿ ಚೆನ್ನಾಗಿ ಕೇಳುವ ಹುಡುಗಿ ಕ್ಯಾರಿಯರ್ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ಇಬ್ಬರೂ ಟೆಸ್ಟ್ ಮಾಡಿಸಿಕೊಂಡರು. ಅವಳು ಕ್ಯಾರಿಯರ್, ಅವನು ಅಲ್ಲ. ಮನೆಯಲ್ಲಿ ಎಲ್ಲರೂ ನಿಟ್ಟುಸಿರು ಬಿಟ್ಟು ಮುಹೂರ್ತ ನೋಡುವುದಕ್ಕೆ ಹೊರಟಿದ್ದರು. ಇದು ಒಂದು ಜೀನಿನ ಉತ್ತರ ಮಾತ್ರ, ಇವರಿಬ್ಬರೂ ಸಾಮಾನ್ಯ ಅತ್ತೆ-ಮಾವನ ಮಕ್ಕಳಿಗಿಂತ ಇನ್ನೂ ಹತ್ತಿರದವರು, ನೋಡದೆ ಇರುವ ಜೀನುಗಳು ಬಹಳ ಇವೆ ಅಂತ ಕೌನ್ಸೆಲರ್ ಹೇಳಿದ್ದನ್ನು ಹುಡುಗಿ ಮಾತ್ರ ಸರಿಯಾಗಿ ಕೇಳಿಸಿಕೊಂಡಿದ್ದಳು. ಅವಳೇ ಬೇಡ ಅಂದಳು. ನನ್ನನ್ನು ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳುವುದು. ಅಕ್ಕನ ಮಗಳನ್ನು, ಮಾವನ ಮಗಳನ್ನು ತರುವುದು ನಮ್ಮ ತಲೆಮಾರಿಗೆ ಸಾಕು. ಆಗಲೇ ಮಾತಾಗಿದ್ದರೆ, ಮನಸ್ಸು ಕೂಡಿದ್ದರೆ, ಮದುವೆಗೆ ಮುಂಚೆ ಕೌನ್ಸೆಲಿಂಗ್‌ಗೆ ಹೋಗಿ. ಮಗು ಹುಟ್ಟಿದ ಮೇಲೆ ಮೊದಲ ತಿಂಗಳಲ್ಲೇ ಕಿವಿ ಪರೀಕ್ಷೆ ಮಾಡಿಸಿ, ಶಾಂತ ಮಗು ಅಂತ ಸುಮ್ನೆ ಕೂರಬೇಡಿ. ಬೇಗ ಗೊತ್ತಾದರೆ ಹಿಯರಿಂಗ್ ಏಡ್, ಇಂಪ್ಲಾಂಟ್, ಸನ್ನೆ ಭಾಷೆ ಏನೇ ಆದರೂ ಬೇಗ ಶುರು ಮಾಡಬಹುದು, ಮಗು ಭಾಷೆ ಇಲ್ಲದೆ ವರ್ಷಗಟ್ಟಲೆ ಕಳೆಯುವುದು ತಪ್ಪುತ್ತದೆ.

ಈಗ ಹೊರಗಿನ ಒಂದು ಸಂಬಂಧ ಬಂದಿದೆ. ತುಮಕೂರಿನ ಕಡೆಯವರು, ನಮಗೆ ಗೊತ್ತಿರುವ ಮಟ್ಟಿಗೆ ಯಾವ ನಂಟೂ ಇಲ್ಲ. ಆದರೆ ಈ ಜೀನಿನ ಕ್ಯಾರಿಯರ್‌ಗಳು ಎಲ್ಲ ಕಡೆಯೂ ಇರುವುದರಿಂದ, "ನಾನು ಕ್ಯಾರಿಯರ್ ಅಂತ ಹುಡುಗನಿಗೆ ಮೊದಲೇ ಹೇಳಿ, ಅವನೂ ಟೆಸ್ಟ್ ಮಾಡಿಸಲಿ ಅಂತ ಕೇಳುತ್ತೇನೆ" ಅನ್ನುತ್ತಿದ್ದಾಳೆ ಅಕ್ಕನ ಮಗಳು. ಮನೆಯಲ್ಲಿ ದೊಡ್ಡ ಜಗಳ ಆಗುತ್ತಿದೆ. ಹುಡುಗಿಯಲ್ಲೇ ಏನೋ ಐಬಿದೆ ಅಂತ ಊರೆಲ್ಲ ಸುದ್ದಿ ಆಗುತ್ತೆ, ನಿಶ್ಚಿತಾರ್ಥ ಆದ ಮೇಲೆ ನೋಡಿಕೊಳ್ಳೋಣ ಅನ್ನುತ್ತಾನೆ ಮಾವ. ಮೂರು ಸಲ ಫೋನ್ ಮಾಡಿ, "ನೀನಾದರೂ ಅವಳಿಗೆ ಬುದ್ಧಿ ಹೇಳು" ಅಂದ. ನಾನು ಹೇಳುವುದಿಲ್ಲ. ಅವಳು ಹೇಳುತ್ತಿರುವುದೇ ಸರಿ. ಭಾನುವಾರ ಅವರು ಬರುವಾಗ ನಾನೂ ಹೋಗುತ್ತಿದ್ದೇನೆ. ಟೆಸ್ಟ್ ವಿಷಯ ಬಂದಾಗ, ನನ್ನ ರಿಪೋರ್ಟೂ ಹೀಗೇ ಇದೆ ಅಂತ ಅವಳ ಪಕ್ಕ ಕೂತು ಹೇಳುವವರು ಒಬ್ಬರು ಬೇಕು.